ಗುಂಡಿ ಪುಸ್ತಕದ ಬಿಳಿ ತೇಪೆಗಳು

ಆ ಭಾನುವಾರ ಬೆಳಿಗ್ಗೆ ದೆಹಲಿಯ ಸರೋಜಿನಿ ನಗರದ ನಮ್ಮ ಸರ್ಕಾರಿ ಮನೆಯಲ್ಲಿ ನಾಲ್ಕು ಜನ ಇದ್ದೆವು. ಅಡುಗೆಮನೆಯ ಬಾಗಿಲಲ್ಲಿ ನಾನು. ಬಿಸಿಲು ಬೀಳುವ ಕಿಟಕಿಯ ಪಕ್ಕ, ಪೇಪರಿನ ಹಿಂದೆ, ನಮ್ಮ ಯಜಮಾನರು. ಊಟದ ಮೇಜಿನ ಹತ್ತಿರ, ನೋಯ್ಡಾದಿಂದ ಮೆಟ್ರೋ ಹಿಡಿದು ಬಂದ ನನ್ನ ಅತ್ತಿಗೆ. ಇನ್ನು ಕೆಳಗಿನ ಮಹಡಿಯ ಸುಬೇದಾರರು, ಮೊಸರಿಗೆ ಹೆಪ್ಪು ಕೇಳಲು ಸ್ಟೀಲ್ ಬಟ್ಟಲು ಹಿಡಿದು ಬಂದವರು, ಕೂತುಕೊಳ್ಳಿ ಎಂದು ಎಷ್ಟು ಹೇಳಿದರೂ ನಿಂತೇ ಇದ್ದರು. ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ನಿವೃತ್ತಿಯ ಸುದ್ದಿ ಅವರ ಬೆನ್ನುಮೂಳೆಗೆ ಮಾತ್ರ ಯಾರೂ ತಿಳಿಸಿದಂತಿರಲಿಲ್ಲ.

ಅತ್ತಿಗೆ ಚೀಲ ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಕಡಲೆಕಾಯಿ ಸುರಿದ ಹಾಗೆ ಸದ್ದಾಯಿತು. ನೋಡಿದರೆ ಗುಂಡಿಗಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಗುವಿನ ಜುಬ್ಬಕ್ಕೆ ಹಾಕುವ ಎಳ್ಳಿನಷ್ಟು ಗುಂಡಿ.

ಯಜಮಾನರು ಪೇಪರಿನ ಮೇಲಿಂದ ಇಣುಕಿದರು. "ಏನಕ್ಕಾ, ಮೆಟ್ರೋದಲ್ಲಿ ಬರ್ತಾ ಜನರ ಅಂಗಿಯಿಂದ ಕಿತ್ಕೊಂಡು ಬಂದ್ರಾ?"

"ನಿಮ್ಮ ಅಂಗಿದೂ ಒಂದು ಇರಬಹುದು, ನೋಡ್ಕೊಳ್ಳಿ," ಎಂದರು ಅತ್ತಿಗೆ. ಯಜಮಾನರು ನಿಜಕ್ಕೂ ನೋಡಿಕೊಂಡರು.

ನನ್ನ ಅಣ್ಣ ನೋಯ್ಡಾದಲ್ಲಿ ಗುಂಡಿ ಮಾಡುವ ಸಣ್ಣ ಕಾರ್ಖಾನೆ ಇಟ್ಟಿದ್ದ. ತಿಪಟೂರಿನಿಂದ ತೆಂಗಿನ ಚಿಪ್ಪು ಬರುತ್ತಿತ್ತು, ಎಲ್ಲಿಂದಲೋ ಎಮ್ಮೆ ಕೊಂಬು, ಇನ್ನೆಲ್ಲಿಂದಲೋ ಸಮುದ್ರದ ಚಿಪ್ಪು. ಅವನು ತೀರಿಕೊಂಡ ಮೇಲೆ ಮೂರು ವರ್ಷದಿಂದ ಅತ್ತಿಗೆಯೇ ಅದನ್ನು ನಡೆಸುತ್ತಿದ್ದರು. ಒಂಬತ್ತು ಜನ ಕೆಲಸಗಾರರು, ಎಲ್ಲರೂ ಅಣ್ಣನ ಕಾಲದವರು. ಗುಂಡಿ ಚೆನ್ನಾಗಿಯೇ ಬರುತ್ತಿತ್ತು. ಕೊಳ್ಳುವವರು ಬರುತ್ತಿರಲಿಲ್ಲ, ಅಷ್ಟೇ.

"ಹೋದ ಸಲ ಗ್ರೇಟರ್ ನೋಯ್ಡಾದ ಮೇಳಕ್ಕೆ ಬಿಡಿ ಫೋಟೋಗಳನ್ನ ಫೈಲಿಗೆ ಸೇರಿಸ್ಕೊಂಡು ಹೋಗಿದ್ದೆ ಕಣೇ," ಎಂದು ಅತ್ತಿಗೆ ನನಗೆ ಹೇಳಿದರು. "ಬಂದವರೆಲ್ಲ ವೆರಿ ನೈಸ್ ಅಂದ್ರು. ಚಹಾ ಕುಡಿದ್ರು. ಪಕ್ಕದವನ ಕ್ಯಾಟಲಾಗನ್ನ ಚೀಲಕ್ಕೆ ಹಾಕ್ಕೊಂಡು ಹೊರಟುಹೋದ್ರು. ಅವರ ಊರಿಗೆ ಹೋದ ಮೇಲೆ ನೆನಪಿರೋದು ಚೀಲದಲ್ಲಿ ಇರೋದೇ ತಾನೆ? ಈ ಸಲ ಮಾರ್ಚಿನ ಮೇಳದಲ್ಲೂ ಆರ್ಡರ್ ಬರಲಿಲ್ಲ ಅಂದ್ರೆ ಬಾಗಿಲು ಹಾಕಿ ಶಿವಮೊಗ್ಗಕ್ಕೆ, ನಮ್ಮಕ್ಕನ ಮನೆಗೆ ಹೋಗಿಬಿಡ್ತೀನಿ. ಕೆಲಸದವರಿಗೂ ಹೇಳಿ ಆಗಿದೆ."

ಅದನ್ನು ಅವರು ಹಾಲಿನವನಿಗೆ ನಾಳೆ ಅರ್ಧ ಲೀಟರು ಸಾಕು ಎನ್ನುವ ಧಾಟಿಯಲ್ಲಿ ಹೇಳಿದರು. ನನಗೆ ಮಾತ್ರ ಅದು ಹಾಗೆ ಕೇಳಲಿಲ್ಲ. ದೆಹಲಿಯಲ್ಲಿ ನನಗೆ ತವರುಮನೆ ಅಂತ ಉಳಿದಿದ್ದು ಆ ಚಿಪ್ಪಿನ ಪುಡಿ ಹಾರುವ ಕಾರ್ಖಾನೆ ಒಂದೇ.

"ಕ್ಯಾಟಲಾಗು ಮಾಡಿಕೊಡೋರು ಯಾರೂ ಇಲ್ವಾ?" ಎಂದೆ.

"ಒಬ್ಬ ಸಿಕ್ಕಿದ್ದ. ತೆಂಗಿನ ಚಿಪ್ಪಿಗೂ ಕೊಂಬಿಗೂ ವ್ಯತ್ಯಾಸ ತಿಳೀಲಿಲ್ಲ ಅವನಿಗೆ. ‘ಆಂಟೀಜಿ, ಸಬ್ ಗೋಲ್ ಗೋಲ್ ಹೀ ತೋ ಹೈ’ ಅಂದ, ಎಲ್ಲಾ ದುಂಡಗೇ ಇದೆಯಲ್ಲ ಅಂತ. ಕೊಂಬು ಮುಟ್ಟದ ಗಿರಾಕಿಗಳಿದ್ದಾರೆ, ಅವರಿಗೆ ಚಿಪ್ಪು ಅಂತ ಕೊಂಬು ತೋರಿಸಿದ್ರೆ ಮುಗೀತು ಕಥೆ."

"ಹಾಗಾದ್ರೆ ನಾನು ಮಾಡ್ತೀನಿ," ಎಂದುಬಿಟ್ಟೆ.

ಪೇಪರು ಪೂರ್ತಿ ಕೆಳಗಿಳಿಯಿತು. ಮೂವತ್ತು ವರ್ಷ ಒಂದು ಸಚಿವಾಲಯದಲ್ಲಿ ಟೈಪಿಸ್ಟ್ ಆಗಿದ್ದು ಸ್ವಯಂ ನಿವೃತ್ತಿ ತೆಗೆದುಕೊಂಡವಳು ನಾನು. ಅದನ್ನು ನನಗೆ ಆಗಾಗ ನೆನಪಿಸುವುದು ಯಜಮಾನರ ಹವ್ಯಾಸ. "ನೀನು ಮಾಡಿದ್ರೆ ಪ್ರತಿ ಗುಂಡಿಯ ಕೆಳಗೂ ‘ಯುವರ್ಸ್ ಫೇಯ್ತ್‌ಫುಲಿ’ ಅಂತ ಬರುತ್ತೆ. ಮೂರು ಪ್ರತಿ, ಒಂದು ಕಡತಕ್ಕೆ."

ಆಗ ಸುಬೇದಾರರು ಬಟ್ಟಲನ್ನು ಎಡಗೈಗೆ ಬದಲಾಯಿಸಿಕೊಂಡು ಗಂಟಲು ಸರಿಮಾಡಿಕೊಂಡರು. "ಬೆಹನ್‌ಜಿ, ನಾನು ರೆಜಿಮೆಂಟಿನ ಮ್ಯಾಗಜೀನ್ ಒಂಬತ್ತು ವರ್ಷ ತಂದಿದ್ದೇನೆ. ಪುಟ ಜೋಡಿಸುವ ಸಾಫ್ಟ್‌ವೇರು ನನಗೆ ಬರ್ತದೆ. ನಾಳೆ ಹತ್ತು ಗಂಟೆಗೆ ಕ್ಲಾಸು. ಹತ್ತು ಅಂದ್ರೆ ಹತ್ತಕ್ಕೆ ಐದು ನಿಮಿಷ ಇರುವಾಗ."

ಹೆಪ್ಪು ತೆಗೆದುಕೊಂಡು ಹೊರಟುಹೋದರು. ನನ್ನ ವಿದ್ಯಾಭ್ಯಾಸ ಹೀಗೆ ಅರವತ್ತಕ್ಕೆ ಎರಡು ವರ್ಷ ಇರುವಾಗ ಮತ್ತೆ ಶುರುವಾಯಿತು.

ಕ್ಲಾಸು ಎಂದರೆ ಏನೆಂದುಕೊಂಡಿರಿ. ಸುಬೇದಾರರು ನನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಕೂತುಕೊಳ್ಳಿ ಎಂದರೂ ಕೂರುತ್ತಿರಲಿಲ್ಲ. ಅವರ ಪ್ರಕಾರ ಪುಟವೆಂದರೆ ಪರೇಡ್ ಮೈದಾನ, ಗುಂಡಿಗಳು ಜವಾನರು. ಪ್ರತಿ ಫೋಟೋವನ್ನೂ ಒಂದು ಚೌಕದೊಳಗೆ ಕೂರಿಸಬೇಕು, ಅದಕ್ಕೆ ಫ್ರೇಮ್ ಎನ್ನುತ್ತಾರೆ. "ಅದು ಅವನ ಬ್ಯಾರಕ್ಕು. ಕಾಲು ಹೊರಗೆ ಬರಬಾರದು," ಎನ್ನುವರು. ಸಾಲಾಗಿ ಇಟ್ಟ ಫೋಟೋಗಳು ಒಂದಕ್ಕೊಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಆಗಿದ್ದರೆ, ನನ್ನ ಕಣ್ಣಿಗೆ ಕಾಣದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ತಕ್ಷಣ, ಮೈದಾನದ ಕೊನೆಗೂ ಕೇಳುವಂತೆ, "ದಾಹಿನೇ ಸಜ್" ಎನ್ನುವರು. ಅಂದರೆ ಬಲಗಡೆಯವನನ್ನು ನೋಡಿ ಸಾಲು ಸರಿಮಾಡಿಕೋ ಎಂದು. ಆ ಹೊತ್ತಿಗೆ ನಾನು ಆ ಸಾಲನ್ನೆಲ್ಲ ಆರಿಸಿ ಅಲೈನ್ ಮಾಡುವ ಗುರುತನ್ನು ಒತ್ತಬೇಕು. ಗುಂಡಿಗಳು ಜಿಗಿದು ನೆಟ್ಟಗೆ ನಿಲ್ಲುತ್ತಿದ್ದವು. ಮೊದಲ ಶನಿವಾರ, ರಜೆಯೆಂದು ತಡವಾಗಿ ಬಚ್ಚಲಲ್ಲಿ ಶೇವ್ ಮಾಡುತ್ತಿದ್ದ ಯಜಮಾನರೂ ನೆಟ್ಟಗೆ ನಿಂತರಂತೆ. ಗಲ್ಲದ ಮೇಲೆ ಅದರ ಗುರುತು ನಾಲ್ಕು ದಿನ ಇತ್ತು.

ಎರಡನೆಯ ವಾರ ಅವರು ಬರುವ ಮೊದಲೇ ನಲವತ್ತು ಪುಟಗಳಿಗೆ ಪುಟಸಂಖ್ಯೆ ಹೊಡೆದು ಹೊಗಳಿಕೆಗೆ ಕಾದು ಕುಳಿತೆ.

"ಇದನ್ನು ಒಂದೊಂದಾಗಿ ಕೈಯಲ್ಲಿ ಹೊಡೆದ್ರಾ?" ಎಂದರು.

"ಹೌದು."

"ಐದನೇ ಪುಟ ತೆಗೆದ್ರೆ?"

ನಾನು ಯೋಚಿಸಿದೆ. "ಮೂವತ್ತೈದು ಮತ್ತೆ ಹೊಡೀತೀನಿ."

ಸುಬೇದಾರರು ಹಿಂದಿನಿಂದ ಬಗ್ಗಿ ಮೌಸ್ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಮಾಸ್ಟರ್ ಪೇಜ್ ಎಂಬುದನ್ನು ತೆರೆದು ತೋರಿಸಿದರು. ಪುಸ್ತಕದಲ್ಲಿ ಅಚ್ಚಾಗದ ಒಂದು ಪುಟ. ಅದರ ಮೇಲೆ ಒಂದು ಸಲ ಏನಿಟ್ಟರೂ ಎಲ್ಲ ಪುಟಗಳಿಗೂ ತಾನಾಗಿ ಬರುತ್ತದೆ. "ಇದು ಕರ್ನಲ್ ಸಾಹೇಬರ ಸ್ಟ್ಯಾಂಡಿಂಗ್ ಆರ್ಡರ್ ಇದ್ದ ಹಾಗೆ. ಒಂದು ಸಲ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ. ಮನೆಮನೆಗೆ ಹೋಗಿ ಹೇಳಬೇಕಾಗಿಲ್ಲ." ನಮ್ಮ ಅಜ್ಜಿ ಇಂಥದ್ದಕ್ಕೇ, ಕೊಡ ಹೊತ್ತು ನದಿಗೆ ನೀರು ಹಾಕಿದವಳು ಎನ್ನುತ್ತಿದ್ದಳು. ಸದ್ಯ, ಅಜ್ಜಿ ನೋಡಲು ಇರಲಿಲ್ಲ.

ಬಣ್ಣಗಳಿಗೆ ಹೆಸರಿಡುವುದು ಅತ್ತಿಗೆಯ ಕೆಲಸವಾಯಿತು. ಕಂದು ಬಣ್ಣದಲ್ಲೇ ಹದಿನೇಳು ಬಗೆ. ಅವರು ಕಾರ್ಖಾನೆಯಲ್ಲಿ ಕರೆಯುವುದೇ ಹುರಿದ ರಾಗಿ, ಬೆಲ್ಲದ ಪಾಕ, ಹಳೇ ಹುಣಸೆ, ಎರಡನೇ ಡಿಕಾಕ್ಷನ್ ಎಂದು. ಬಿಹಾರದಿಂದ ಬಂದ ಕೆಲಸಗಾರರೂ "ಭಾಭೀಜಿ, ಹುಣಸೆವಾಲಾ ಖತಮ್" ಎನ್ನುವಷ್ಟು ಕನ್ನಡ ಕಲಿತಿದ್ದರು. ನಾನು ಅವನ್ನೇ ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಯಜಮಾನರು ಆಫೀಸಿಂದ ಬಂದು ಪರದೆ ನೋಡಿ, "ಇದು ಗುಂಡಿ ಕ್ಯಾಟಲಾಗಾ, ಹೋಟೆಲ್ ಮೆನುನಾ? ನನಗೆ ಒಂದು ಪ್ಲೇಟ್ ಹುರಿದ ರಾಗಿ, ನಾಲ್ಕು ತೂತಿಂದು," ಎಂದರು.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ನನ್ನ ತಪ್ಪಿನ ಕಥೆ.

ಪುಸ್ತಕ ನೂರ ಹನ್ನೆರಡು ಪುಟಕ್ಕೆ ಬೆಳೆಯಿತು, ಆರುನೂರಕ್ಕೂ ಮೇಲ್ಪಟ್ಟು ಗುಂಡಿಗಳು. ಪ್ರತಿಯೊಂದಕ್ಕೂ ಒಂದು ಕೋಡ್ ನಂಬರು, ಒಂದು ಗಾತ್ರ. ಗಾತ್ರಕ್ಕೆ ಈ ವ್ಯಾಪಾರದಲ್ಲಿ ಲೈನ್ ಎನ್ನುತ್ತಾರೆ: ಹದಿನೆಂಟು ಲೈನು ಅಂಗಿಗೆ, ಮೂವತ್ತೆರಡು ಕೋಟಿಗೆ, ಹೀಗೆ. ಅತ್ತಿಗೆ ದಿನಾ ಫೋನ್ ಮಾಡುವರು. "ಅರವತ್ತೆರಡನೇ ಪುಟದ ಎರಡನೆಯದು ಇಪ್ಪತ್ತು ಅಲ್ಲ, ಇಪ್ಪತ್ತನಾಲ್ಕು ಕಣೇ." ಮರುದಿನ, "ಇಲ್ಲ, ಇಪ್ಪತ್ತೇ ಸರಿ, ನಾನು ಬೇರೆ ಗುಂಡಿ ಹಿಡ್ಕೊಂಡಿದ್ದೆ." ಅದರ ಮರುದಿನ ಆ ಗುಂಡಿಯ ಕೋಡೇ ಬದಲು.

ಟೈಪ್‌ರೈಟರ್ ಕಾಲದಲ್ಲಿ ತಪ್ಪಾದ ಅಕ್ಷರಕ್ಕೆ ನಾವು ಬಿಳಿ ದ್ರವ ಹಚ್ಚುತ್ತಿದ್ದೆವು, ನೇಲ್ ಪಾಲಿಶ್ ಬಾಟಲಿಯಂಥ ಪುಟ್ಟ ಬಾಟಲಿಯದು. ಹಚ್ಚಿ, ಬಾಯಲ್ಲಿ ಊದಿ ಒಣಗಿಸಿ, ಮೇಲೆ ಸರಿಯಾದ ಅಕ್ಷರ ಹೊಡೆಯುವುದು. ನಮ್ಮ ಸೆಕ್ಷನ್ನಿನಲ್ಲಿ ಆ ಕೈಚಳಕಕ್ಕೆ ನಾನೇ ಹೆಸರುವಾಸಿ. ಬೆಳಕಿಗೆ ಹಿಡಿದು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಸರ್ಕಾರದಲ್ಲಿ ಅಳಿಸುವುದು ಅಪರಾಧ, ಮುಚ್ಚುವುದು ಕೌಶಲ. ಹಾಗಾಗಿ ಈ ಸಾಫ್ಟ್‌ವೇರಿನಲ್ಲಿ ಬಿಳಿ ಬಣ್ಣದ ಚೌಕ ಎಳೆಯಬಹುದು ಎಂದು ನಾನಾಗಿ ಕಂಡುಕೊಂಡ ದಿನ, ಹಳೆಯ ಗೆಳತಿ ಸಿಕ್ಕಷ್ಟು ಸಂತೋಷವಾಯಿತು. ತಪ್ಪಾದ ನಂಬರಿನ ಮೇಲೆ ಒಂದು ಬಿಳಿ ಚೌಕ, ಅದರ ಮೇಲೆ ಸರಿಯಾದ ನಂಬರು. ಅದೂ ಬದಲಾದರೆ ಮತ್ತೊಂದು ಬಿಳಿ ಚೌಕ. ಊದಿ ಒಣಗಿಸುವ ಕೆಲಸವೂ ಇಲ್ಲ.

ಸುಬೇದಾರರಿಗೆ ಇದನ್ನು ಹೇಳಲಿಲ್ಲ. ಗುರುವಿಗೆ ಎಲ್ಲವನ್ನೂ ಹೇಳಬೇಕೆಂದು ಎಲ್ಲಿದೆ?

ಮೇಳಕ್ಕೆ ಎರಡು ವಾರ ಇತ್ತು. ಓಖ್ಲಾದ ಪ್ರೆಸ್ಸಿಗೆ ಇನ್ನು ನಾಲ್ಕು ದಿನದಲ್ಲಿ ಫೈಲು ಕೊಡಬೇಕು. ಆವತ್ತು ಶನಿವಾರ, ಯಜಮಾನರೂ ಮನೆಯಲ್ಲಿದ್ದರು. ಅತ್ತಿಗೆ ಪ್ರೆಸ್ಸಿನಿಂದ ಕಾಗದದ ಮಾದರಿ ಹಿಡಿದು ನೇರ ಮನೆಗೆ ಬಂದರು. "ನೋಡೇ, ಸಮುದ್ರದ ಚಿಪ್ಪಿನ ಗುಂಡಿಗಳೆಲ್ಲ ಬಿಳಿ. ಬಿಳಿ ಪುಟದ ಮೇಲೆ ಬಿಳಿ ಗುಂಡಿ ಕಾಣೋದೇ ಇಲ್ಲ, ಬರೀ ತೂತು ಕಾಣ್ತವೆ. ಎಲ್ಲ ಪುಟಕ್ಕೂ ತೆಳ್ಳಗೆ ಕೆನೆ ಬಣ್ಣ ಹಾಕಕ್ಕಾಗುತ್ತಾ?"

"ಎರಡು ಸೆಕೆಂಡಿನ ಕೆಲಸ," ಎಂದರು ಸುಬೇದಾರರು. ಗುಂಡಿಗಳ ಫೋಟೋದ ಹಿನ್ನೆಲೆಯನ್ನೆಲ್ಲ ಫೋಟೋ ತೆಗೆದವನೇ ಕತ್ತರಿಸಿ ಕೊಟ್ಟಿದ್ದ. ಬರೀ ಮಾಸ್ಟರ್ ಪೇಜಿಗೆ ಬಣ್ಣ ತುಂಬಿದರೆ ಸಾಕು. "ಬೆಹನ್‌ಜಿ, ನೀವೇ ಮಾಡಿ. ಸ್ಟ್ಯಾಂಡಿಂಗ್ ಆರ್ಡರ್."

ಮಾಡಿದೆ. ನೂರ ಹನ್ನೆರಡು ಪುಟಗಳೂ ಒಮ್ಮೆಗೇ ಕೆನೆಗಟ್ಟಿದವು. ಅದರ ಮೇಲೆ ನನ್ನ ಬಿಳಿ ಚೌಕಗಳೆಲ್ಲ ಎದ್ದು ನಿಂತವು. ಒಂದೊಂದು ಪುಟದಲ್ಲಿ ಎರಡು, ಮೂರು, ಕೆಲವು ಕಡೆ ಐದು. ಸೊಟ್ಟಗೆ ಒಂದು, ಉದ್ದಕ್ಕೆ ಒಂದು, ಒಂದರ ಮೇಲೊಂದು ಹತ್ತಿ ಕುಳಿತದ್ದು ಒಂದು.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿ, "ಪಾಪ, ಎಲ್ಲದಕ್ಕೂ ಬ್ಯಾಂಡೇಜ್ ಹಾಕಿದಾರೆ. ಆ್ಯಕ್ಸಿಡೆಂಟಾ?" ಎಂದರು.

ನಾನು ಒಪ್ಪಿಕೊಂಡೆ. ಬಾಟಲಿಯ ಕಥೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.

"ಹಾಗಾದ್ರೆ ಬಿಳೀನೇ ಇರಲಿ ಬಿಡೇ," ಎಂದರು ಅತ್ತಿಗೆ. "ಬಿಳಿ ಮೇಲೆ ಇವು ಕಾಣಲ್ವಲ್ಲ."

ಸುಬೇದಾರರು ತಲೆಯಾಡಿಸಿದರು. ಮೊದಲ ಸಲ, ಅವರು ಕುರ್ಚಿ ಎಳೆದುಕೊಂಡು ಕೂತರು. ಅದನ್ನು ನೋಡಿಯೇ ನನಗೆ ಅರ್ಧ ಜೀವ ಹೋಯಿತು. ಅವರು ಸಾವಕಾಶವಾಗಿ ವಿವರಿಸಿದರು. ಮೇಳಕ್ಕೆ ಬಂದವರಿಗೆ ಅಚ್ಚಾದ ಪುಸ್ತಕ ಒಂದು ಕೊಡುತ್ತೇವೆ, ಜೊತೆಗೆ ಅದನ್ನೇ ಈಮೇಲಿನಲ್ಲೂ ಕಳಿಸುತ್ತೇವೆ. ಕೊಳ್ಳುವವರು ಪುಟ ಮಗುಚುವುದಿಲ್ಲ, ಕಂಪ್ಯೂಟರಿನಲ್ಲಿ ಕೋಡ್ ಹೊಡೆದು ಹುಡುಕುತ್ತಾರೆ. ಬಿಳಿ ಚೌಕದ ಕೆಳಗೆ ಹಳೆಯ ಕೋಡು ಹಾಗೆಯೇ ಇದೆ. ಕಣ್ಣಿಗೆ ಕಾಣದಿದ್ದರೂ ಹುಡುಕಾಟಕ್ಕೆ ಸಿಗುತ್ತದೆ. ಚಿಪ್ಪಿನ ಗುಂಡಿಯ ಕೋಡ್ ಹೊಡೆದವನಿಗೆ ಕೊಂಬಿನ ಗುಂಡಿ ಎದುರಾಗಬಹುದು. ಇಂಥ ನೂರಾರು ತೇಪೆಗಳನ್ನು ಎತ್ತಿ ಯಾವುದು ಸರಿಯೆಂದು ನೋಡಲು ಇರುವುದು ನಾಲ್ಕೇ ದಿನ.

"ಮುಚ್ಚಿದ್ದೀರಿ ಬೆಹನ್‌ಜಿ. ತೆಗೆದಿಲ್ಲ," ಎಂದು ಮುಗಿಸಿದರು.

ಅತ್ತಿಗೆ ಕಾಗದದ ಮಾದರಿಗಳನ್ನು ಒಂದರ ಮೇಲೊಂದು ಜೋಡಿಸಿ ಚೀಲಕ್ಕೆ ಹಾಕಿದರು. ಬೈದಿದ್ದರೆ ಸಹಿಸಬಹುದಿತ್ತು. "ಹೋಗಲಿ ಬಿಡೇ. ಬಿಡಿ ಫೋಟೋದ ಫೈಲು ಇದ್ದೇ ಇದೆ. ನೀನೂ ಎಷ್ಟು ಕಷ್ಟಪಟ್ಟೆ," ಎಂದರು. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ್ದು ಇದೇ ದನಿಯಲ್ಲಿ.

ಆ ದನಿ ಕೇಳಿ ನನಗೆ ಎಲ್ಲಿತ್ತೋ ಹಟ ಬಂತು. "ಅತ್ತಿಗೆ, ಕೂತ್ಕೊಳ್ಳಿ. ಕಂಪೇರ್ ಮಾಡೋಣ," ಎಂದೆ.

ಕಂಪೇರ್ ಎನ್ನುವುದು ನಮ್ಮ ಆಫೀಸಿನ ಹಳೆಯ ಪದ್ಧತಿ. ಟೈಪಾದ ಕಾಗದ ಸಹಿಗೆ ಹೋಗುವ ಮೊದಲು ಇಬ್ಬರು ಕೂರಬೇಕು. ಒಬ್ಬಳು ಮೂಲವನ್ನು ಗಟ್ಟಿಯಾಗಿ ಓದಬೇಕು, ಕಾಮಾ ಪೂರ್ಣವಿರಾಮ ಸಮೇತ. ಇನ್ನೊಬ್ಬಳು ನಕಲಿನ ಮೇಲೆ ಪೆನ್ಸಿಲ್ ಇಟ್ಟು ಟಿಕ್ ಹಾಕುತ್ತ ಹೋಗಬೇಕು. ಮದುವೆ, ಬಾಣಂತನ, ಅತ್ತೆಯ ಕಾಟ ಎಲ್ಲದರ ಮಾತೂ ಆ ಕಾಮಾಗಳ ನಡುವೆಯೇ ನುಸುಳುತ್ತಿತ್ತು. ಆದರೆ ತಪ್ಪು ಮಾತ್ರ ನುಸುಳುತ್ತಿರಲಿಲ್ಲ.

ಇಲ್ಲಿ ಮೂಲವೆಂದರೆ ಗುಂಡಿಯೇ. ಅತ್ತಿಗೆ ಮರುದಿನ ಕಾರ್ಖಾನೆಯಿಂದ ಮಾದರಿಯ ಡಬ್ಬಗಳನ್ನೆಲ್ಲ ಆಟೋದಲ್ಲಿ ತಂದರು. ಸುಬೇದಾರರು ಮೌಸ್ ಹಿಡಿದು ಒಂದೊಂದೇ ಬಿಳಿ ಚೌಕ ಎತ್ತುವುದು, ಅದರ ಅಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಅತ್ತಿಗೆ ಗಟ್ಟಿಯಾಗಿ ಓದಿ, ಕೈಯಲ್ಲಿರುವ ಗುಂಡಿಯನ್ನು ಅಳತೆಪಟ್ಟಿಗೆ ಇಟ್ಟು ಸರಿಯಾದದ್ದು ಇದು ಎನ್ನುವುದು, ನಾನು ಪಟ್ಟಿಯಲ್ಲಿ ಟಿಕ್ ಹಾಕುವುದು, ಉಳಿದದ್ದನ್ನು ನಿಜವಾಗಿ ಅಳಿಸುವುದು. ಅಳಿಸುವ ಕೀಲಿ ಒತ್ತುವಾಗಲೆಲ್ಲ ಮೊದಮೊದಲು ಯಾರಾದರೂ ವಿಚಾರಣೆಗೆ ಕರೆಯುತ್ತಾರೇನೋ ಎಂದು ನನ್ನ ಕೈ ತಡೆಯುತ್ತಿತ್ತು.

ಮೂರನೆಯ ಪುಟದ ತೇಪೆಯಡಿ ನನ್ನ ಬೆರಳಭ್ಯಾಸದ ‘ಎಎಸ್‌ಡಿಎಫ್’ ಸಿಕ್ಕಿತು. ಹದಿನಾಲ್ಕರಲ್ಲಿ ತರಕಾರಿ ಪಟ್ಟಿ. ಅತ್ತಿಗೆ ಅವನ್ನೂ ಒಂದೇ ಧ್ವನಿಯಲ್ಲಿ ಓದಿದರು, ನಗಲಿಲ್ಲ. ಹಾಗೇ ಅರವತ್ತೆರಡಕ್ಕೆ ಬಂದೆವು. ಅಲ್ಲಿ ಎರಡನೆಯ ಗುಂಡಿಗೆ ಒಂದರ ಮೇಲೊಂದು ಆರು ತೇಪೆ. ಮೊದಲನೆಯದು ಎತ್ತಿದರೆ ಇಪ್ಪತ್ತು ಲೈನು. ಎರಡನೆಯದರಡಿ ಇಪ್ಪತ್ತನಾಲ್ಕು. ಮತ್ತೆ ಇಪ್ಪತ್ತು. ನಾಲ್ಕನೆಯದಕ್ಕೆ ಸುಬೇದಾರರು ಕೈ ಹಾಕುವಾಗ ನನಗೆ ಏನೋ ನೆನಪಾಗಿ, "ಅದು ಬೇಡ, ಮುಂದಿನದಕ್ಕೆ ಹೋಗೋಣ," ಎಂದೆ. ಅಷ್ಟರಲ್ಲಿ ಎತ್ತಿ ಆಗಿತ್ತು.

ಅತ್ತಿಗೆ ಅದೇ ಕಂಪೇರ್ ಧ್ವನಿಯಲ್ಲಿ ಓದಿದರು. "ಈ ಅತ್ತಿಗೆಗೆ ಅಣ್ಣ ಬುದ್ಧಿ ಕಲಿಸದೇ ಹೋದ, ಕಾಮಾ, ಇನ್ನು ನನ್ನಿಂದ ಎಲ್ಲಾಗುತ್ತೆ, ಪೂರ್ಣವಿರಾಮ."

ಸುಬೇದಾರರು ಮೌಸಿನಿಂದ ಕೈ ತೆಗೆದು, ಪರೇಡಿನ ‘ಸಾವಧಾನ್’ ಕೇಳಿದವರಂತೆ ನೆಟ್ಟಗಾದರು. ನಾನು ಪಟ್ಟಿ ನೋಡತೊಡಗಿದೆ.

"ಇದಕ್ಕೆ ಟಿಕ್ಕಾ, ಅಳಿಸೋದಾ?" ಎಂದು ಅತ್ತಿಗೆ ಕೇಳಿದರು.

"ಅಳಿಸೋದು," ಎಂದೆ, ತಲೆ ಎತ್ತದೆ.

"ಅಳಿಸು. ಆದ್ರೆ ಕಾಮಾ ಹಾಕಿದ್ದು ಸರಿಯಾಗಿದೆ," ಎಂದವರೇ ಅತ್ತಿಗೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ಗುಂಡಿಯ ಡಬ್ಬವನ್ನು ಮೊಣಕೈಯಿಂದ ಬೀಳಿಸಿಕೊಂಡು ನಕ್ಕರು. ಅಣ್ಣ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಅವರಿಗೂ ಆಗಲಿಲ್ಲ ಕಣೇ. ಮೂವತ್ತು ವರ್ಷ ಪಟ್ಟುಹಿಡಿದ್ರು, ಪಾಪ," ಎಂದರು. ಆಮೇಲೆ ನಾವು ಮೂವರೂ ಮೇಜಿನ ಕೆಳಗೆ ಮಂಡಿಯೂರಿ ಗುಂಡಿ ಹೆಕ್ಕಿದೆವು. ಸುಬೇದಾರರು ಸಾಲಾಗಿ ಹೆಕ್ಕಿದರು.

ಅಲ್ಲಿಂದ ಮುಂದೆ ಕೆಲಸ ಓಡಿತು. ಮುನ್ನೂರಕ್ಕೂ ಹೆಚ್ಚು ತೇಪೆಗಳು, ಮೂರು ಬೆಳಗು. ತೇಪೆ ಇಲ್ಲದ ಗುಂಡಿಗಳನ್ನೂ ಬಿಡದೆ ಓದಿದ್ದರಿಂದ, ನಾನು ಎಂದೂ ತಿದ್ದದ ಎರಡು ಗುಂಡಿಗಳ ಹೆಸರು ಅದಲುಬದಲಾಗಿದ್ದು ಕಂಪೇರಿನಲ್ಲಿ ಸಿಕ್ಕಿಬಿತ್ತು. ಒಂದು ಚಿಪ್ಪು, ಒಂದು ಕೊಂಬು. ಅದನ್ನು ಹಿಡಿದಾಗ ಸುಬೇದಾರರು ನನಗೆ ಒಂದು ಸಲ್ಯೂಟ್ ಕೊಟ್ಟರು. ಯಜಮಾನರು ಆಫೀಸಿನಿಂದ ಬಂದು ಕೇಳಿ, "ಒಂದು ಸಲ ಕೊಟ್ಟ ಸಲ್ಯೂಟ್ ವಾಪಸ್ ತಗೊಳ್ಳೋ ಹಾಗಿಲ್ಲ, ಅಲ್ವಾ ಸಾಬ್?" ಎಂದು ಖಚಿತಪಡಿಸಿಕೊಂಡರು.

ನಾಲ್ಕನೆಯ ದಿನ ಫೈಲು ಓಖ್ಲಾಕ್ಕೆ ಹೋಯಿತು. ಮೇಳದ ಹಿಂದಿನ ದಿನ ಕೆನೆ ಬಣ್ಣದ ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದವು. ಅತ್ತಿಗೆ ಒಂದನ್ನು ತೆರೆದು ಮೂಸಿ ನೋಡಿ ಮುಚ್ಚಿದರು.

ಮೇಳದ ಎರಡನೆಯ ದಿನ ನಾನೂ ಮಳಿಗೆಯಲ್ಲಿದ್ದೆ. ಜನ ಬಂದರು, ವೆರಿ ನೈಸ್ ಎಂದರು, ಚಹಾ ಕುಡಿದರು, ಪುಸ್ತಕ ಚೀಲಕ್ಕೆ ಹಾಕಿಕೊಂಡರು. ಮಕ್ಕಳ ಬಟ್ಟೆ ಮಾಡಿಸುವ ಒಬ್ಬ ಎತ್ತರದ ಹೆಂಗಸು ಮಾತ್ರ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮೊದಲಿಂದ ಕೊನೆಯವರೆಗೆ ಮಗುಚಿ, ಮೂರು ಪುಟಗಳ ಮೂಲೆ ಮಡಿಚಿಕೊಂಡು ಹೋದಳು.

ಮಾರ್ಚ್ ಮುಗಿಯಿತು. ಏಪ್ರಿಲಿನ ಎರಡನೆಯ ವಾರ ಒಂದು ಬುಧವಾರ, ಫೋನೂ ಮಾಡದೆ ಅತ್ತಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಎರಡು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆದು ಬಂದು ಸೆರಗಿಗೆ ಒರೆಸಿಕೊಳ್ಳುತ್ತ, ಆ ಎತ್ತರದ ಹೆಂಗಸಿನಿಂದ ಬೆಳಿಗ್ಗೆ ಆರ್ಡರು ಬಂದಿದೆ, ಮೂರು ಬಗೆ, ಎಲ್ಲ ತೆಂಗಿನ ಚಿಪ್ಪಿನವೇ, ಸೆಪ್ಟೆಂಬರಿನವರೆಗೆ ಕೆಲಸ ಆಗುತ್ತದೆ ಎಂದರು. ತಿಪಟೂರಿಗೆ ಫೋನು ಮಾಡಬೇಕು, ಸಂಜೆಯೊಳಗೆ ಕೆಲಸದವರಿಗೆ ಹೇಳಬೇಕು ಎಂದು ನಾಲ್ಕು ಗಂಟೆಯ ಮೊದಲೇ ಮೆಟ್ರೋಗೆ ಹೊರಟರು. ಮರುದಿನ ಎಂಟೂವರೆಗೆ ಕಾರ್ಖಾನೆಯಲ್ಲಿ ಒಂಬತ್ತು ಜನರೂ ಇದ್ದರು.